ದಾಖಲಾತಿ ರಿಜಿಸ್ಟರಿನ ಕೊನೆಯ ಅಂಕಣ

ದಾವಣಗೆರೆ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಿಂದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ನಾನು ಕಲಿಸಿದ ಬಾಲಕಿಯರ ಪ್ರೌಢಶಾಲೆಗೆ 75 ತುಂಬಿತು. ಸ್ಮರಣ ಸಂಚಿಕೆಗೆ ಶಾಲೆಯ ಇತಿಹಾಸ ಬರೆಯುವ ಹೊಣೆ ನನ್ನ ಪಾಲಿಗೆ ಬಂದಿದೆ. ಎರಡು ಪುಟ ಸಾಕು, ಉಳಿದದ್ದು ಶುಭಾಶಯ, ದಾನಿಗಳ ಫೋಟೊ, ಜಾಹೀರಾತು ಎನ್ನುತ್ತಾರೆ ಸಮಿತಿಯವರು. ಹೇಳಿಕೊಳ್ಳುವಂಥ ಸಾಧಕಿಯರೂ ನಮ್ಮಲ್ಲಿ ಹೆಚ್ಚಿಲ್ಲ. ಏನು ಬರೆಯಲಿ?"

ಅಕ್ಕೋರೇ,

ಸಮಿತಿಯವರ ಕಷ್ಟವೂ ಸುಳ್ಳಲ್ಲ. ಅಚ್ಚಿನ ಖರ್ಚು ಜಾಹೀರಾತಿನಿಂದಲೇ ಹುಟ್ಟಬೇಕು. ಜಾಗ ಕೊಟ್ಟ ಮನೆತನದವರ ಫೋಟೊ ಬಿಟ್ಟರೆ ಊರಲ್ಲಿ ಮುಖ ತೋರಿಸುವಂತಿಲ್ಲ. ಅದಿರಲಿ. ಆದರೆ "ಸಾಧಕಿಯರು ಹೆಚ್ಚಿಲ್ಲ" ಎಂಬ ಮಾತು ನಿಮ್ಮ ಕೈಯಿಂದ ಬರಬಾರದಿತ್ತು. 1978ಕ್ಕೆ ಮೊದಲು ಹೆಣ್ಣಿನ ಮದುವೆಗೆ 15 ತುಂಬಿದರೆ ಸಾಕು ಎನ್ನುತ್ತಿದ್ದುದು ದೇಶದ ಕಾನೂನೇ. 15 ಎಂದರೆ ಎಸ್ಸೆಸ್ಸೆಲ್ಸಿ ಕಟ್ಟುವ ವಯಸ್ಸು. ಆ ಕಾಲದಲ್ಲಿ ನಿಮ್ಮ ಶಾಲೆಯಲ್ಲಿ ಪರೀಕ್ಷೆಗೆ ಕೂತ ಒಬ್ಬೊಬ್ಬ ಹುಡುಗಿಯೂ ಮನೆಯವರ ಹತ್ತಿರ ಒಂದು ವರ್ಷ, ಎರಡು ವರ್ಷ ಗಡುವು ಕೇಳಿ ಪಡೆದವಳು. ಅದನ್ನು ಸಾಧನೆ ಎನ್ನದೆ ಇನ್ನಾವುದನ್ನು ಎನ್ನುತ್ತೀರಿ?

ನಮ್ಮ ಸ್ಮರಣ ಸಂಚಿಕೆಗಳ ಇತಿಹಾಸವೆಲ್ಲ ಒಂದೇ ಅಚ್ಚಿನದು. 1848ರ ಪುಣೆ, ಸಾವಿತ್ರಿಬಾಯಿ ಫುಲೆ. 1881ರ ಮೈಸೂರು, ಅಂಬಳೆ ನರಸಿಂಹ ಅಯ್ಯಂಗಾರರು ಅರಮನೆಯ ಬೆಂಬಲದಿಂದ ತೆರೆದ ಮಹಾರಾಣಿ ಬಾಲಕಿಯರ ಶಾಲೆ. ಅಲ್ಲಿಂದ ಒಂದೇ ನೆಗೆತಕ್ಕೆ ತಮ್ಮೂರಿನ ಶಂಕುಸ್ಥಾಪನೆ, ಮಂತ್ರಿಗಳ ಹೆಸರು, ಹೊಸ ಕೊಠಡಿಗಳ ಲೆಕ್ಕ. ಬೆಂಚಿನ ಮೇಲೆ ಕೂತಿದ್ದ ಹುಡುಗಿ ಮಾತ್ರ ಎಲ್ಲೂ ಕಾಣುವುದಿಲ್ಲ.

ಅವಳು ಸಿಗುವುದು ದಾಖಲಾತಿ ರಿಜಿಸ್ಟರಿನಲ್ಲಿ. ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಟ್ಟು ಲಿಖಿತ ಒಪ್ಪಿಗೆ ಪಡೆಯಿರಿ. ಪುಸ್ತಕ ಶಾಲೆಯ ಹೊಸಿಲು ದಾಟಬಾರದು. ಕಿಟಕಿಯ ಬೆಳಕಿನಲ್ಲಿ ಒಂದೊಂದೇ ಪುಟದ ಫೋಟೊ ತೆಗೆಯಿರಿ. ಫ್ಲಾಶ್ ಹಾಕಿದರೆ ಮಸಿ ಹೊಳೆದು ಅಕ್ಷರ ಮಾಯವಾಗುತ್ತದೆ. ಬೈಂಡಿನ ಕಡೆ ಒತ್ತಿ ಹರಡಬೇಡಿ, ಹಳೆಯ ಕಾಗದ ಮಡಿಕೆಯಲ್ಲೇ ಮುರಿಯುವುದು. ಎಂಜಲು ಹಚ್ಚಿ ಹಾಳೆ ತಿರುವುವುದೂ ಬೇಡ. ಹರಿದ ಕಡೆ ಸೆಲೋಟೇಪು ಅಂಟಿಸುವ ಚಾಳಿಯಂತೂ ರಿಜಿಸ್ಟರಿಗೆ ಗೆದ್ದಲಿನಷ್ಟೇ ಹಗೆ: ಅಂಟು ವರ್ಷ ಕಳೆದಂತೆ ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ, ಟೇಪು ಉದುರಿದ ಮೇಲೂ ಕಲೆ ಹೋಗದು. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸುವ ದಾರಿಯೇ ಇಲ್ಲ. ಹತ್ತಿ ಬಟ್ಟೆಯಲ್ಲಿ ಸುತ್ತಿ ಕಬ್ಬಿಣದ ಬೀರುವಿನಲ್ಲಿಡಿ. ಬೀರು ಗೋಡೆಯಿಂದ ಒಂದು ಗೇಣು ದೂರವಿರಲಿ, ಗೆದ್ದಲು ಏರುವುದು ಗೋಡೆ ಹಿಡಿದೇ.

ಇನ್ನು ಓದುವ ಬಗೆ. ತಂದೆಯ ಉದ್ಯೋಗದ ಅಂಕಣ ನೋಡುತ್ತ ಹೋಗಿ. ಮಿಲ್ಲಿನ ಕೆಲಸ, ಹಮಾಲಿ, ಮಂಡಕ್ಕಿ ಭಟ್ಟಿ, ಭದ್ರಾ ನಾಲೆ ಬಂದ ಮೇಲೆ ಗದ್ದೆ ಬೇಸಾಯ: ಯಾವ ಮನೆಗಳು ಯಾವಾಗ ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಕಳಿಸತೊಡಗಿದವು ಎಂಬುದು ಕಣ್ಣಿಗೆ ಕಟ್ಟುತ್ತದೆ. 2006-07ರಲ್ಲಿ ಎಂಟನೇ ತರಗತಿಗೆ ಸೈಕಲ್ ಕೊಡಲು ಶುರುವಾಯಿತಲ್ಲ, ಅದರ ಹಿಂದಿನ ಮೂರು ವರ್ಷ, ಮುಂದಿನ ಮೂರು ವರ್ಷ ಸುತ್ತಲಿನ ಹಳ್ಳಿಗಳಿಂದ ಎಷ್ಟು ಜನ ಸೇರಿದರು ಎಣಿಸಿ.

ಕೊನೆಯಲ್ಲಿ "ಶಾಲೆ ಬಿಟ್ಟ ಕಾರಣ" ಎಂಬ ಅಂಕಣವಿರುತ್ತದೆ. ಇತಿಹಾಸ ಬರೆಯುವವರು ಅದರ ಮೇಲೆ ಕಣ್ಣಾಡಿಸುವುದೇ ಇಲ್ಲ. ಅಲ್ಲಿ "ಮದುವೆ" ಎಂದು ನೇರವಾಗಿ ಬರೆದಿರಬೇಕೆಂದಿಲ್ಲ. "ಪೋಷಕರ ಇಚ್ಛೆ", "ದೀರ್ಘ ಗೈರುಹಾಜರಿ" ಎಂದಿದ್ದರೆ ಪಕ್ಕದ ತಾರೀಖು ನೋಡಿ. ಬೇಸಿಗೆ ರಜೆಗೆ ಹೋದವಳು ಜೂನಿನಲ್ಲಿ ಮರಳಿಲ್ಲವೆಂದರೆ ನಡುವೆ ಲಗ್ನದ ತಿಂಗಳುಗಳಿದ್ದವು. 1978ರ ಹಿಂದಿನ ಹತ್ತು ವರ್ಷ, ಮುಂದಿನ ಹತ್ತು ವರ್ಷಗಳ ಲೆಕ್ಕ ಪಕ್ಕಪಕ್ಕ ಇಡಿ. ಅಂಕಿ ಮಾತ್ರ ಅಚ್ಚಾಗಲಿ. ಹೆಸರು, ಜಾತಿ, ಹುಟ್ಟಿದ ದಿನ ಯಾರದೂ ಬೇಡ.

ಎಡವುವ ಜಾಗಗಳೂ ಇವೆ. 1957ರ ಏಪ್ರಿಲ್‌ಗೆ ಮೊದಲಿನ ಫೀ ಪುಸ್ತಕದಲ್ಲಿ 1-8-0 ಎಂದಿದ್ದರೆ ಒಂದು ರೂಪಾಯಿ ಎಂಟು ಆಣೆ, ಅಂದರೆ ಒಂದೂವರೆ ರೂಪಾಯಿ. ಅದನ್ನು 1.80 ಎಂದು ಬರೆದರೆ ಇಡೀ ಲೆಕ್ಕ ಕೆಟ್ಟಿತು. ತಾರೀಖಿಲ್ಲದ ಕಾಗದದ ತಲೆಬರಹದಲ್ಲಿ "ಮೈಸೂರು ರಾಜ್ಯ" ಎಂದಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದಿರಬೇಕು. ನಿಮ್ಮ ಊರು "ಚಿತ್ರದುರ್ಗ ಜಿಲ್ಲೆ" ಎಂದೇ ಇದ್ದರೆ 1997ರ ಆಗಸ್ಟ್ 15ಕ್ಕೆ ಮೊದಲಿನದು. ಹಳೆಯ ಮೊಹರು ಆಮೇಲೂ ಕೆಲವು ತಿಂಗಳು ಓಡಿರಬಹುದು, ಅದೊಂದು ನೆನಪಿರಲಿ.

ಹಳೆಯ ವಿದ್ಯಾರ್ಥಿನಿಯರು ಸಿಗುವುದಿಲ್ಲ ಎಂದು ಕೈಚೆಲ್ಲಬೇಡಿ. ಗಂಡುಮಕ್ಕಳ ಶಾಲೆಯವರು ಹುಡುಕಿದ ಹಾಗೆ ಹುಡುಕಿದರೆ ಖಂಡಿತ ಸಿಗುವುದಿಲ್ಲ. ಗಂಡನ ಮನೆಯಲ್ಲಿ ಹೆಸರೇ ಬದಲಾಗಿರಬಹುದು. ತಂದೆಯ ಹೆಸರು, ಊರು ಹಿಡಿದು ಊರುವಾರು ಪಟ್ಟಿ ಮಾಡಿ, ಜಾತ್ರೆಗೆ ಮುಂಚೆ ಆಯಾ ಊರಿನ ಸ್ತ್ರೀಶಕ್ತಿ ಸಂಘದವರ ಕೈಗೆ ಕೊಡಿ. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಗೆ ತವರಿಗೆ ಬಾರದ ದಾವಣಗೆರೆಯ ಮಗಳುಂಟೇ? ಬಂದಾಗ ಕೇಳಿ: ಸಮವಸ್ತ್ರ ಲಂಗ-ದಾವಣಿಯಿಂದ ಚೂಡಿದಾರಕ್ಕೆ ಬಂದದ್ದು ಯಾವ ವರ್ಷ, ಎರಡು ಜಡೆ ಮಡಿಚಿ ಕಟ್ಟುವ ರಿಬ್ಬನ್ನಿನ ಬಣ್ಣ ಯಾವುದು, ಟೆನಿಕಾಯ್ಟ್ ರಿಂಗು ಎಲ್ಲಿಂದ ತರಿಸುತ್ತಿದ್ದರು, ವಾರ್ಷಿಕೋತ್ಸವಕ್ಕೆ ಓಬವ್ವನ ವೇಷ ಯಾರು ಹಾಕಿದ್ದರು, ಒನಕೆ ಯಾರ ಮನೆಯದು. ಶಾಲೆಯ ಸಂಪ್ರದಾಯ ಎಂದರೆ ಇವೇ, ಮತ್ತು ಇವು ಯಾವ ಕಡತದಲ್ಲೂ ಇಲ್ಲ.

ಏಳು ಸುತ್ತಿನ ಕೋಟೆಯ ಕಲ್ಲುಕಲ್ಲಿಗೂ ಕಥೆ ಹೇಳುವ ಸೀಮೆ ನಮ್ಮದು. ಕಿಂಡಿಯ ಬಳಿ ನಿಂತ ಕಹಳೆಯವನ ಹೆಂಡತಿಯ ಹೆಸರನ್ನು ಇನ್ನೂರು ವರ್ಷ ಮರೆಯದೆ ಕಾಪಾಡಿದ ಜನ ನಾವು. ಅಂಥವರು ಸುಣ್ಣ ಬಳಿಸುವ ದಿನ ಹಳೆಯ ಹಾಜರಿ ಪುಸ್ತಕಗಳನ್ನು ರದ್ದಿಗೆ ತೂಗಿ ಹಾಕುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ದಾನಿಯ ಹೆಸರಿಗೆ ಗ್ರಾನೈಟು, ಹುಡುಗಿಯರ ಹೆಸರಿಗೆ ತಕ್ಕಡಿ.

ಹಳೆಯ ರಿಜಿಸ್ಟರುಗಳಲ್ಲಿ ತಂದೆಯ ಹೆಸರಿಗಷ್ಟೇ ಅಂಕಣವಿರುತ್ತಿತ್ತು. ನಿಮ್ಮಲ್ಲಿ "ತಾಯಿಯ ಹೆಸರು" ಎಂಬುದು ಯಾವ ವರ್ಷದ ಪುಟದಲ್ಲಿ ಮೊದಲು ಕಾಣಿಸುತ್ತದೆ ನೋಡಿ. ಆ ತಲೆಸಾಲಿನ ಫೋಟೊ ತೆಗೆದು ಸಂಚಿಕೆಯಲ್ಲಿ ಶುಭಾಶಯಗಳಿಗಿಂತ ಮೊದಲು ಹಾಕಿ. ಸಮಿತಿಯವರು ಒಪ್ಪದಿದ್ದರೆ ನಮಗೆ ಕಳಿಸಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

— ಸಂಪಾದಕ