ತೂಕ ಸರಿಯಿದೆ, ರಿಪೋರ್ಟ್ ಯಾಕೆ ಕೆಟ್ಟಿದೆ?

ಪ್ರಶ್ನೆ: ನನಗೆ 38 ವರ್ಷ, ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸ. ಎತ್ತರ 170 ಸೆಂ.ಮೀ., ತೂಕ 64 ಕೆ.ಜಿ. ದಪ್ಪ ಇಲ್ಲ, ಸ್ವಲ್ಪ ಹೊಟ್ಟೆ ಬಂದಿದೆ ಅಷ್ಟೆ. ಹೊಟ್ಟೆಯ ಸುತ್ತಳತೆ 94 ಸೆಂ.ಮೀ. ಆಫೀಸಿನ ತಪಾಸಣೆಯಲ್ಲಿ ಖಾಲಿ ಹೊಟ್ಟೆಯ ಶುಗರ್ 108, ಟ್ರೈಗ್ಲಿಸರೈಡ್ 210, ಎಚ್‌ಡಿಎಲ್ 36, ಬಿಪಿ 132/86 ಬಂತು. ‘ಎಲ್ಲಾ ಬಾರ್ಡರ್‌ನಲ್ಲಿದೆ, ಬಿಡಿ’ ಅಂದರು. ಜೊತೆಯವರದ್ದೂ ಹೆಚ್ಚುಕಡಿಮೆ ಹೀಗೇ ಇದೆ. ನಾನು ಸಿಹಿ ಮುಟ್ಟುವುದಿಲ್ಲ, ರಾತ್ರಿ ಮುದ್ದೆ ಊಟ. ಚಿಂತೆ ಮಾಡಬೇಕಾ?

ಉತ್ತರ: ಮಾಡಬೇಕು. ಬಿಡಿ ಬಿಡಿಯಾಗಿ ನೋಡಿದರೆ ಯಾವುದೂ ದೊಡ್ಡದಲ್ಲ ನಿಜ. ಆದರೆ ಹೊಟ್ಟೆ (ಗಂಡಸರಿಗೆ 90 ಸೆಂ.ಮೀ. ಮಿತಿ), ಶುಗರ್, ಬಿಪಿ, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಕೊಬ್ಬು), ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್, ಇದು ಮಾತ್ರ ಕಡಿಮೆಯಾದರೆ ಕೆಟ್ಟದ್ದು) ಈ ಐದರಲ್ಲಿ ಮೂರು ಮಿತಿ ದಾಟಿದರೆ ಸಾಕು, ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತೇವೆ. ನಿಮ್ಮಲ್ಲಿ ಐದೂ ಕೆಟ್ಟಿವೆ.

ಜೊತೆಯವರಿಗೂ ಇದೆ ಅಂತ ಸಮಾಧಾನ ಬೇಡ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಬೆಂಬಲದ ದೇಶವ್ಯಾಪಿ ಸಮೀಕ್ಷೆಯ ವರದಿ 2023ರಲ್ಲಿ ಬಂತು. ಅದರ ಪ್ರಕಾರ ವಯಸ್ಕರಲ್ಲಿ ಶೇ 11.4 ಮಂದಿಗೆ ಸಕ್ಕರೆ ಕಾಯಿಲೆ, ಇನ್ನೂ ಶೇ 15.3 ಮಂದಿ ಅದರ ಹೊಸ್ತಿಲಲ್ಲಿ. ಶೇ 35.5 ಮಂದಿಗೆ ಬಿಪಿ. ಹೊಟ್ಟೆಯ ಬೊಜ್ಜು ಶೇ 39.5. ನಿಮ್ಮ ಆಫೀಸು ಈ ದೇಶದ ಸಣ್ಣ ನಮೂನೆ ಅಷ್ಟೆ.

ಇನ್ನು ‘ದಪ್ಪ ಇಲ್ಲ’ ಅನ್ನುವ ಮಾತು. ತಕ್ಕಡಿ ನಮ್ಮವರಿಗೆ ಪೂರ್ತಿ ಸತ್ಯ ಹೇಳುವುದಿಲ್ಲ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯಡ್ಕಿನ್ 2004ರಲ್ಲಿ ತಮ್ಮ ಮೈಯನ್ನೇ ಅಳೆದು ಪ್ರಕಟಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಕೂಡ 22.3. ಯಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2! ನಿಮ್ಮ ಬಿಎಂಐ ಕೂಡ 22ರ ಆಸುಪಾಸು. ನಮ್ಮಲ್ಲಿ ಮಾಂಸಖಂಡ ಕಡಿಮೆ, ಕೊಬ್ಬು ಹೊಟ್ಟೆಯೊಳಗೆ, ಲಿವರ್‌ನಲ್ಲಿ ಕೂರುತ್ತದೆ. ಆಗ ಶುಗರ್ ಇಳಿಸುವ ಹಾರ್ಮೋನು ಇನ್ಸುಲಿನ್‌ನ ಮಾತು ನಡೆಯುವುದಿಲ್ಲ. ಶುಗರ್ ಏರುತ್ತದೆ, ಲಿವರ್ ಟ್ರೈಗ್ಲಿಸರೈಡ್ ಜಾಸ್ತಿ ತಯಾರಿಸುತ್ತದೆ. ಇದರ ಬೇರು ಎಷ್ಟೋ ಸಲ ತಾಯಿಯ ಹೊಟ್ಟೆಯಲ್ಲೇ ಇರುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯವರು 1934ರಿಂದಲೂ ಹೆರಿಗೆ ದಾಖಲೆ ಕಾಪಾಡಿಕೊಂಡಿದ್ದರು. ಅಲ್ಲಿ ಹುಟ್ಟಿದವರನ್ನು ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮುಂದೆ ಹೃದಯದ ಕಾಯಿಲೆ ಜಾಸ್ತಿ ಬಂದಿದ್ದು ಕಂಡಿತು.

ಮುದ್ದೆ ಒಳ್ಳೆಯದೇ, ಆದರೆ ಔಷಧಿಯಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆಯೂ ಶುಗರ್ ಏರಿಸುತ್ತದೆ. ಒಂದು ಸಾಕು; ಜೊತೆಗೆ ಹುರುಳಿಕಾಳು, ಸೊಪ್ಪು, ಮೊಟ್ಟೆ ಅಥವಾ ಮೊಸರು ಜಾಸ್ತಿ ಇರಲಿ. ಸಿಹಿ ಬಿಟ್ಟವರು ಸಂಜೆ ಮಂಡಕ್ಕಿ-ಮಿರ್ಚಿ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅಲ್ವಾ? ಊಟ ಆದ ಮೇಲೆ 15 ನಿಮಿಷ ನಡೆಯಿರಿ. ವಾರಕ್ಕೆ ಎರಡು ದಿನ ಬಸ್ಕಿ, ದಂಡ ಹೊಡೆಯಿರಿ. ಶುಗರ್ ಇಳಿಯಲು ಮಾಂಸಖಂಡವೇ ಬೇಕು.

ಇದರಿಂದ ಉಪಯೋಗ ಇದೆಯಾ? ಚೆನ್ನೈನ ಸಂಶೋಧಕರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ್ತಿಲಲ್ಲಿದ್ದವರು ಊಟ, ನಡಿಗೆ ಬದಲಿಸಿಕೊಂಡಾಗ ಮೂರು ವರ್ಷದಲ್ಲಿ ಸಕ್ಕರೆ ಕಾಯಿಲೆಗೆ ಬಿದ್ದವರು ಶೇ 39. ಸುಮ್ನೆ ಬಿಟ್ಟವರಲ್ಲಿ ಶೇ 55. ಎಲ್ಲರಿಗೂ ತಪ್ಪಲಿಲ್ಲ ನಿಜ, ಆದರೆ ಇದು ಸಣ್ಣ ಲಾಭವಲ್ಲ. ಒಮ್ಮೆ ವೈದ್ಯರನ್ನು ಕಂಡು ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ), ಲಿವರ್ ಪರೀಕ್ಷೆ ಮಾಡಿಸಿ. ಬಿಪಿಯನ್ನು ಬೇರೆ ಬೇರೆ ದಿನ ನೋಡಿಸಿ. ಮೂರು ತಿಂಗಳ ನಂತರ ಇವೆಲ್ಲ ಮತ್ತೊಮ್ಮೆ.

ಪ್ರಶ್ನೆ: ಬಸುರಿಯಾಗಿದ್ದಾಗ ಶುಗರ್ ಬಂದಿತ್ತು, ಹೆರಿಗೆ ಆದ ಮೇಲೆ ಹೋಯಿತು. ಮರೆತುಬಿಡಬಹುದಾ? (ಗೃಹಿಣಿ, ತುಮಕೂರು)

ಉತ್ತರ: ಬೇಡಮ್ಮಾ. ಹೆರಿಗೆಯಾದ 6ರಿಂದ 12 ವಾರದೊಳಗೆ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಆಗಬೇಕು. ಆಗಿಲ್ಲದಿದ್ದರೆ ಈಗ ಮಾಡಿಸಿ. ನಾರ್ಮಲ್ ಬಂದರೂ ವರ್ಷಕ್ಕೊಮ್ಮೆ ಶುಗರ್ ನೋಡಿಸಿಕೊಳ್ಳಿ. ಮತ್ತೆ ಬಸುರಿಯಾದರೆ ಮೊದಲ ಭೇಟಿಯಲ್ಲೇ ಡಾಕ್ಟರಿಗೆ ಈ ವಿಷಯ ತಿಳಿಸಿ.