ಕಸ ಸುಟ್ಟು ಕರೆಂಟ್ ತಯಾರಿಸುವುದನ್ನು ನಾನೇಕೆ ಒಪ್ಪುವುದಿಲ್ಲ

ರಾಯಚೂರಿನಂಥ ಊರಿನ ಕಸವನ್ನೆಲ್ಲ ಸುಟ್ಟು ವಿದ್ಯುತ್ ತಯಾರಿಸಿದರೆ ಕಸವೂ ಹೋಗುತ್ತದೆ, ಕರೆಂಟೂ ಸಿಗುತ್ತದೆ, ಇದಕ್ಕೆ ವಿರೋಧವೇಕೆ ಎಂದು ಕೇಳಿದ್ದೀರಿ. ನಾನು ಇದೇ ಊರಿನವನು, ವಿರೋಧಿಸುವವರಲ್ಲಿ ಒಬ್ಬ. ಹೊಗೆಯ ಮಾತನ್ನು ಆಮೇಲೆ ಆಡುತ್ತೇನೆ. ಮೊದಲು ಕಸದೊಳಗಿನ ನೀರನ್ನು ನೋಡೋಣ.

ನಮ್ಮ ಮನೆಗಳ ಕಸದಲ್ಲಿ ತೂಕದ ಲೆಕ್ಕಕ್ಕೆ ಹೆಚ್ಚುಕಡಿಮೆ ಅರ್ಧದಷ್ಟು ಇರುವುದು ಕಾಯಿಪಲ್ಲೆಯ ಸಿಪ್ಪೆ, ಮಿಕ್ಕ ಅನ್ನ, ಸೋಸಿದ ಚಹಾಪುಡಿ, ಬಾಡಿದ ಹೂವು. ಬೇಸಿಗೆ ಬಂತೆಂದರೆ ಕಲ್ಲಂಗಡಿ ಸಿಪ್ಪೆಯದೇ ರಾಜ್ಯಭಾರ. ಕುದಿಯುತ್ತಿರುವ ಒಂದು ಕಿಲೋ ನೀರು ಪೂರ್ತಿ ಆವಿಯಾಗಬೇಕಾದರೆ ಸುಮಾರು 540 ಕಿಲೋಕ್ಯಾಲರಿ ಶಾಖ ಬೇಕು. ಅಂದರೆ ಕುಲುಮೆಯ ಕಾವಿನ ಒಂದು ದೊಡ್ಡ ಪಾಲು ಕಸವನ್ನು ಒಣಗಿಸುವುದರಲ್ಲೇ ಮುಗಿಯುತ್ತದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಶಕ್ತಿ ಉತ್ಪಾದನೆಗೆ ಸೂಚಿಸಿದ್ದು ಮರುಬಳಕೆಗೆ ಬಾರದ, ಕಿಲೋಗೆ 1500 ಕಿಲೋಕ್ಯಾಲರಿ ಅಥವಾ ಅದಕ್ಕಿಂತ ಹೆಚ್ಚು ಶಾಖ ಕೊಡುವ ತ್ಯಾಜ್ಯವನ್ನು; ಬೆರಕೆ ಕಸ ಆ ಮಟ್ಟವನ್ನು ಮುಟ್ಟುವುದು ಕಷ್ಟ. ದಿಲ್ಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ಡೆನ್ಮಾರ್ಕಿನ ತಂತ್ರಜ್ಞಾನದಿಂದ ದಿನಕ್ಕೆ 300 ಟನ್ ಕಸ ಸುಡುವ ಘಟಕವನ್ನು ಕಟ್ಟಿದರು. ವಿನ್ಯಾಸಕ್ಕೆ ಬೇಕಾದ ಶಾಖದ ಅರ್ಧದಷ್ಟೇ ಆ ಕಸದಿಂದ ಹುಟ್ಟಿದ್ದರಿಂದ ಅದು 21 ದಿನ ಓಡಿ ನಿಂತಿತು.

ಹಾಗಾದರೆ ಕುಲುಮೆ ಉರಿಯಬೇಕಾದರೆ ಅದಕ್ಕೆ ಏನು ಬೇಕು? ಒಣಗಿದ ರಟ್ಟು, ಕಾಗದ, ಪ್ಲಾಸ್ಟಿಕ್ ಬೇಕು. ಅವನ್ನೇ ಆಯ್ದು ಗುಜರಿಗೆ ಮಾರಿ ಬದುಕುವ ಕುಟುಂಬಗಳು ನಮ್ಮಲ್ಲಿ ಎಷ್ಟಿವೆಯೆಂದು ಬೆಳಗಿನ ಐದು ಗಂಟೆಗೆ ಮಾರುಕಟ್ಟೆಯ ಕಡೆ ಹೋದವರಿಗೆ ಗೊತ್ತು. ಇಂಥ ಘಟಕಗಳ ಕರಾರು ಸಾಮಾನ್ಯವಾಗಿ ಇಪ್ಪತ್ತು, ಇಪ್ಪತ್ತೈದು ವರ್ಷಗಳದ್ದಾಗಿರುತ್ತದೆ. ಅಷ್ಟು ಕಾಲ ದಿನವೂ ಇಷ್ಟು ಟನ್ ಎಂದು ಕಸ ಉಣಿಸುವ ಹೊಣೆ ಹೊತ್ತ ನಗರಾಡಳಿತ, ಕಸವನ್ನು ಕಡಿಮೆ ಮಾಡಿರೆಂದು ಜನರಿಗೆ ಯಾವ ಬಾಯಿಂದ ಹೇಳೀತು?

ಸುಟ್ಟರೆ ಕಸ ಹೋಗುತ್ತದೆ ಎಂಬ ಮಾತನ್ನು ಬೇರೆ ಜಿಲ್ಲೆಯವರು ನಂಬಿಯಾರು. ಶಕ್ತಿನಗರದ ವಿದ್ಯುತ್ ಸ್ಥಾವರದ ಕಲ್ಲಿದ್ದಲ ಬೂದಿಯನ್ನೂ ನೆರೆಯ ಗಂಗಾವತಿಯ ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿಯನ್ನೂ ಕಂಡ ನಾವು ನಂಬಬಾರದು. ಕಸದ ಬೂದಿಯಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಸೇರಿಕೊಂಡಿರುತ್ತವೆ. ಹೊಗೆಯಿಂದ ಸೋಸಿ ತೆಗೆದ ನುಣುಪು ಬೂದಿಯಂತೂ ಇನ್ನೂ ಅಪಾಯಕಾರಿ. ಪಿವಿಸಿಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ ಬೆಂಕಿಗೆ ಬಿದ್ದಾಗ ಡಯಾಕ್ಸಿನ್ ಉಂಟಾಗುತ್ತದೆ, ಕುಲುಮೆಯೊಳಗೆ ನಾಶವಾದರೂ ಹೊಗೆ ತಣ್ಣಗಾಗುವ ಹಾದಿಯಲ್ಲಿ ಮತ್ತೆ ಹುಟ್ಟುತ್ತದೆ. ಅದು ಕೊಬ್ಬಿನಲ್ಲಿ ಕರಗುವ ವಿಷ: ಹುಲ್ಲಿನ ಮೇಲೆ ಕುಳಿತು ಎಮ್ಮೆಯ ಹೊಟ್ಟೆ ಸೇರಿ ಹಾಲಿನ ಕೆನೆಗೆ ಬರುತ್ತದೆ. ಹೊಗೆಯಲ್ಲಿ ಅದಕ್ಕೆ 2016ರ ನಿಯಮಗಳು ಇಟ್ಟ ಮಿತಿ ಘನಮೀಟರಿಗೆ 0.1 ನ್ಯಾನೋಗ್ರಾಂ. ಅದನ್ನು ಅಳೆಯಲು ಆರೆಂಟು ತಾಸು ಹೊಗೆಯ ಮಾದರಿ ಹಿಡಿದು ಪ್ರಯೋಗಾಲಯಕ್ಕೆ ಕಳಿಸಬೇಕು. ಉಳಿದ ದಿನಗಳಲ್ಲಿ ಏನಾಯಿತೆಂದು ಚಿಮಣಿ ಹೇಳುವುದಿಲ್ಲ. ಬೀದಿ ಬದಿಯಲ್ಲಿ ಹೇಗೂ ಸುಡುತ್ತಾರಲ್ಲ ಎನ್ನಬೇಡಿ, ಅದು ಇನ್ನೂ ಕೆಟ್ಟದ್ದು; ಬಯಲಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ವಿಧಿಸಿದೆ.

ಬೆಂಕಿಗೆ ಬೇಡವಾದ ಆ ಹಸಿ ಕಸವೇ ನಮ್ಮ ಹೊಲಕ್ಕೆ ಬೇಕಾದದ್ದು. ಕಾಲುವೆ ನೀರಿಗೆ ಭತ್ತ, ಮಳೆಗೆ ಹತ್ತಿ ಎಂದು ವರ್ಷವರ್ಷವೂ ರಾಸಾಯನಿಕ ಗೊಬ್ಬರ ಉಂಡ ಎರೆಹೊಲಗಳಲ್ಲಿ ಸಾವಯವ ಅಂಶ ತೀರ ಕಡಿಮೆ. ದನ ಮಾರಿದ ಮನೆಗಳ ಹಿತ್ತಲಲ್ಲಿ ತಿಪ್ಪೆಯೂ ಇಲ್ಲ. ನಾನು ಮಾಳಿಗೆಯ ಮೇಲೆ ಎರಡು ಹಳೆಯ ಮಣ್ಣಿನ ಹರವಿಗಳಲ್ಲಿ ಗೊಬ್ಬರ ಮಾಡುತ್ತೇನೆ. ಪುಸ್ತಕಗಳು ಕಸ ಒದ್ದೆಯಾಗಿ ನಾರುವುದರ ಬಗ್ಗೆ ಎಚ್ಚರಿಸುತ್ತವೆ. ನಮ್ಮ ನಲವತ್ತು ದಾಟುವ ಬಿಸಿಲಿನಲ್ಲಿ ತೊಂದರೆ ತದ್ವಿರುದ್ಧ, ಏಪ್ರಿಲ್‌ನಲ್ಲಿ ಎಲ್ಲವೂ ಒಣಗಿ ಕೊಳೆಯುವುದೇ ನಿಲ್ಲುತ್ತದೆ. ಹರವಿಗೆ ಹಸಿ ಗೋಣಿಚೀಲ ಸುತ್ತಿ ದಿನಕ್ಕೊಮ್ಮೆ ನೀರು ಚಿಮುಕಿಸುವುದನ್ನು ಕಲಿಯಲು ನನಗೆ ಒಂದು ಬೇಸಿಗೆ ಹಿಡಿಯಿತು. ಹಸಿ ಕಸದ ಪದರಗಳ ನಡುವೆ ಹಾಕಲು ಉದುರಿದ ಬೇವಿನೆಲೆ ಸಾಕು. ಭತ್ತದ ಹೊಟ್ಟೂ ಆಗುತ್ತದೆ, ಆದರೆ ಅದು ಬೇಗ ಕೊಳೆಯದು, ಜರಡಿಯಲ್ಲಿ ಉಳಿದದ್ದನ್ನು ಮುಂದಿನ ಸರದಿಗೆ ಮತ್ತೆ ಸುರಿಯುತ್ತೇನೆ.

ಒಂದಿಬ್ಬರ ಮಾಳಿಗೆಯಿಂದ ಊರು ನಡೆಯದು ಎಂಬ ಆಕ್ಷೇಪ ಸರಿಯೇ. ಆದರೆ ನಮ್ಮದಕ್ಕಿಂತ ಸ್ವಲ್ಪ ಚಿಕ್ಕದಾದ ಕೇರಳದ ಆಲಪ್ಪುಳ ನಗರವು, ಹೊರಗಿನ ಸರ್ವೋದಯಪುರಂ ಜನ ಕಸದ ಲಾರಿಗಳನ್ನು ತಡೆದ ಮೇಲೆ, 2012ರಿಂದ ಬಡಾವಣೆಗಳಲ್ಲೇ ಗಾಳಿಯಾಡುವ ಗೊಬ್ಬರದ ತೊಟ್ಟಿಗಳನ್ನು, ಮನೆಗಳಲ್ಲಿ ಪೈಪಿನೊಳಗೇ ಗೊಬ್ಬರ ಮಾಡುವ ಪೈಪ್ ಕಾಂಪೋಸ್ಟ್ ಮತ್ತು ಜೈವಿಕ ಅನಿಲದ ಘಟಕಗಳನ್ನು ಅಳವಡಿಸಿಕೊಂಡಿತು.

ಇಷ್ಟಾದರೂ ಡಯಾಪರ್, ಸ್ಯಾನಿಟರಿ ಪ್ಯಾಡ್, ಗುಟಖಾ ಮತ್ತು ಶಾಂಪೂ ಚೀಟುಗಳು ಉಳಿಯುತ್ತವೆ. ಅವುಗಳಿಗೆ ತಳದಲ್ಲಿ ಹಾಸು ಹಾಕಿ ಕಸ ಹೂಳುವ ವೈಜ್ಞಾನಿಕ ಭೂಭರ್ತಿ ಬೇಕು, ಚೀಟು ತಯಾರಿಸುವ ಕಂಪನಿಗಳೇ ಅವನ್ನು ಮರಳಿ ಪಡೆಯುವಂತಾಗಬೇಕು. ಆಸ್ಪತ್ರೆಯ ಸೋಂಕಿನ ತ್ಯಾಜ್ಯದ ವ್ಯವಸ್ಥೆಯೇ ಬೇರೆ, ಅಲ್ಲಿ ಸುಡುವುದಕ್ಕೆ ನನ್ನ ತಕರಾರಿಲ್ಲ. ನಾಳೆ ಬೆಳಿಗ್ಗೆ ನಿಮ್ಮ ಓಣಿಗೆ ಟಿಪ್ಪರ್ ಬಂದಾಗ, ನೀವು ಬೇರೆಬೇರೆಯಾಗಿ ಕೊಟ್ಟ ಹಸಿ ಮತ್ತು ಒಣ ಕಸ ಅದರ ಹಿಂಭಾಗದಲ್ಲಿ ಮತ್ತೆ ಒಂದಾಗುತ್ತದೆಯೇ ಎಂದು ಇಣುಕಿ ನೋಡಿ. ಒಂದಾಗುತ್ತಿದ್ದರೆ ಕುಲುಮೆಯ ಮಾತಿಗಿಂತ ಮೊದಲು ವಾರ್ಡಿನಲ್ಲಿ ಎತ್ತಬೇಕಾದ ಪ್ರಶ್ನೆ ಅದು.