ಕಿವಿ ಜಗುಲಿಯಲ್ಲಿ, ಮಷಿನ್ ಕಪಾಟಿನಲ್ಲಿ

ಮಳೆಗಾಲ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: ಕೊಂಡ ಕಿವಿ ಮಷಿನ್ ಹಾಕಿಕೊಳ್ಳುವುದಿಲ್ಲ, ಏನು ಮಾಡುವುದು? ಊರಿನ ಹೆಸರು ಮಾತ್ರ ಬೇರೆ ಬೇರೆ. ಈ ಸಲ ಹೆಚ್ಚಿನ ಜಾಗ ಅದಕ್ಕೇ. ವಯಸ್ಸಾದರೆ ಕಿವಿ ಮಂದವಾಗುವುದು ಸಹಜವೇ, ಪರೀಕ್ಷೆ ಮಾಡಿಸಬೇಕೇ ಎಂಬಂಥವನ್ನು ಬದಿಗಿಟ್ಟಿದ್ದೇನೆ. ಸಹಜ, ಮಾಡಿಸಬೇಕು.

ಅಪ್ಪಯ್ಯನಿಗೆ 76. ಎರಡು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ 38 ಸಾವಿರ ಕೊಟ್ಟು ಕಿವಿ ಮಷಿನ್ ತಂದೆವು. ನಾಲ್ಕು ದಿನ ಹಾಕಿ, ‘ಮಾತೊಂದು ಬಿಟ್ಟು ಎಲ್ಲಾ ಕೇಳಿಸ್ತದೆ’ ಎಂದು ತೆಗೆದಿಟ್ಟರು. ಈಗ ಕಪಾಟಿನಲ್ಲಿದೆ. ಇನ್ನೂ ದುಬಾರಿಯದ್ದು ಕೊಡಿಸಬೇಕೇ?
– ಶಿರಸಿ ಸಮೀಪದ ಓದುಗರು

ಬೇಡ. 38 ಸಾವಿರದ್ದು ಕಪಾಟು ಸೇರಿದ ಮನೆಯಲ್ಲಿ ಒಂದೂವರೆ ಲಕ್ಷದ್ದೂ ಅದೇ ಕಪಾಟು ಸೇರುತ್ತದೆ.

‘ಮಾತೊಂದು ಬಿಟ್ಟು ಎಲ್ಲಾ’ ಎಂದರಲ್ಲ, ನಿಮ್ಮ ಅಪ್ಪಯ್ಯ ತಮ್ಮ ತೊಂದರೆಯನ್ನು ಸರಿಯಾಗಿಯೇ ಹೇಳಿದ್ದಾರೆ. ಕೇಳಿಸಿಕೊಳ್ಳದವರು ನೀವು. ಒಳಗಿವಿಯ ಶಂಖದೊಳಗೆ ಸಾಲಾಗಿರುವ, ಸದ್ದು ಹಿಡಿಯುವ ಕೂದಲುಕೋಶಗಳಲ್ಲಿ ಶಂಖದ ಬಾಯಿಯ ಬಳಿ ಇರುವವು ಕೀಚಲು ದನಿಗೆ ಮೀಸಲು. ವಯಸ್ಸಿನಿಂದ ಮೊದಲು ಸವೆಯುವವೂ ಅವೇ, ಸವೆದದ್ದು ಮತ್ತೆ ಹುಟ್ಟುವುದಿಲ್ಲ. ಅವರ ಆಡಿಯೋಗ್ರಾಂ, ಅಂದರೆ ಕಿವಿ ಪರೀಕ್ಷೆಯ ಗೆರೆಚಿತ್ರದ ಚೀಟಿ ತೆಗೆದು ನೋಡಿ. ಗೆರೆ ಇಳಿದಷ್ಟೂ ಕೊರತೆ ಹೆಚ್ಚು. ಎಡಗಡೆ, ದಪ್ಪ ದನಿಯ 250, 500 ಹರ್ಟ್ಸ್‌ನಲ್ಲಿ ಗೆರೆ ಮೇಲೆಯೇ ಇದ್ದು, 2000 ದಾಟುತ್ತಲೇ ದೇವಿಮನೆ ಘಟ್ಟ ಇಳಿದಂತೆ ಕೆಳಗೆ ಹೋಗಿರುತ್ತದೆ. ಮಾತಿನ ಸ್ವರಗಳು ಆ ಎಡಗಡೆಯವು, ಗಟ್ಟಿಯಾಗಿ ಕೇಳುತ್ತವೆ. ಸ, ಶ, ತ, ಕ, ಪ ಬಲಗಡೆಯವು, ಮೊದಲೇ ಮೆಲುದನಿ. ಹಾಲು, ಕಾಲು, ಸಾಲು, ಪಾಲು ನಾಲ್ಕೂ ಅವರಿಗೆ ಒಂದೇ ‘ಆಲು’. ಯಾರೋ ಮಾತಾಡಿದ್ದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಹೆಂಗಸರ, ಮಕ್ಕಳ ದನಿಯಲ್ಲಿ ಈ ಪೇಚು ಇನ್ನೂ ಹೆಚ್ಚು. ಅಜ್ಜ ಸೊಸೆಯ ಮಾತಿಗೆ ಬೇಕಂತಲೇ ಕಿವಿಗೊಡುವುದಿಲ್ಲ ಎಂಬ ಆರೋಪಕ್ಕೆ ಅರ್ಧ ಕಾರಣ ಇದು. ಉಳಿದರ್ಧ ನನ್ನ ವಿಷಯವಲ್ಲ.

ಇನ್ನೊಂದಿದೆ. ಸವೆದ ಕಿವಿಗೆ ಸಣ್ಣ ಸದ್ದು ಕೇಳಿಸುವುದೇ ಇಲ್ಲ, ದೊಡ್ಡ ಸದ್ದು ಮಾತ್ರ ಎಂದಿನಷ್ಟೇ ದೊಡ್ಡದು. ‘ಸ್ವಲ್ಪ ಗಟ್ಟಿ ಹೇಳು’ ಎಂದವರೇ ನೀವು ದನಿ ಏರಿಸಿದಾಗ ‘ಕಿರುಚಬೇಡ, ನಾನೇನು ಕಿವುಡನಾ’ ಎಂದು ಸಿಡುಕುತ್ತಾರೆ. ಎರಡೂ ನಿಜ. ಆದ್ದರಿಂದ ಮಷಿನ್ ಕೆಲಸ ಎಲ್ಲವನ್ನೂ ಜೋರು ಮಾಡುವುದಲ್ಲ. ಯಾವ ದನಿಗೆ ಎಷ್ಟು ಕೊರತೆಯಿದೆಯೋ ಅಷ್ಟನ್ನೇ ಏರಿಸಬೇಕು, ದೊಡ್ಡ ಸದ್ದನ್ನು ಒಂದು ಮಿತಿಯಲ್ಲಿ ತಡೆಯಬೇಕು. ಅದನ್ನು ಕಂಪ್ಯೂಟರಿಗೆ ಜೋಡಿಸಿ, ಅವರ ಆಡಿಯೋಗ್ರಾಂ ನೋಡಿ ಕೂರಿಸಬೇಕು. ಕಿವಿಯೊಳಗೆ ತೆಳ್ಳಗಿನ ನಳಿಕೆ ಇಟ್ಟು, ಪರದೆಯ ಬಳಿ ಎಷ್ಟು ಸದ್ದು ತಲುಪುತ್ತಿದೆ ಎಂದು ಅಳೆಯುವ ಪರೀಕ್ಷೆಯೂ ಇದೆ. ನಿಮ್ಮಲ್ಲಿ ಅದು ಉಂಟೇ ಎಂದು ಕೇಳಿ. ಆನ್‌ಲೈನ್‌ನಲ್ಲಿ ಎರಡು ಸಾವಿರಕ್ಕೆ ಸಿಗುವ ಪೆಟ್ಟಿಗೆ ಇದ್ಯಾವುದನ್ನೂ ಮಾಡುವುದಿಲ್ಲ. ಪಾತ್ರೆ ಬಿದ್ದ ಸದ್ದನ್ನೂ ಮೊಮ್ಮಗಳ ಪಿಸುಮಾತನ್ನೂ ಒಂದೇ ಅಳತೆಯಲ್ಲಿ ಕಿವಿಗೆ ಸುರಿಯುತ್ತದೆ.

ಈಗ ಮಾಡಬೇಕಾದದ್ದು. ಎರಡು ವರ್ಷದ ಹಳೆಯ ಸೆಲ್ಲು ಒಳಗೇ ಉಳಿದಿದ್ದರೆ ತೆಗೆಯಿರಿ. ಬಾಗಿಲಿನ ತಗಡಿಗೆ ಬಿಳಿ ಅಥವಾ ಹಸಿರು ಕಿಲುಬು ಹಿಡಿದಿದ್ದರೆ ಒಣ ಹತ್ತಿಯಿಂದ ಒರೆಸಿ. ಕಿವಿಯ ಹಿಂದೆ ಕೂರುವ ಮಷಿನ್ ಆಗಿದ್ದರೆ ಮೋಲ್ಡಿನ (ಕಿವಿಯ ತೂತಿನಲ್ಲಿ ಕೂರುವ ಅಚ್ಚಿನ) ಪ್ಲಾಸ್ಟಿಕ್ ನಳಿಕೆ ಹಳದಿಯಾಗಿ ಬಿರುಸಾಗಿರುತ್ತದೆ. ಅದನ್ನು ಮೂರರಿಂದ ಆರು ತಿಂಗಳಿಗೊಮ್ಮೆ ಬದಲಿಸಬೇಕಿತ್ತು. ಇಷ್ಟಾದ ಮೇಲೆ ಅಪ್ಪಯ್ಯನನ್ನೂ ಮಷಿನ್ನನ್ನೂ ಒಟ್ಟಿಗೆ ಆಡಿಯಾಲಜಿಸ್ಟರ (ಕಿವಿ ಪರೀಕ್ಷಿಸಿ ಮಷಿನ್ ಹೊಂದಿಸುವ ತಜ್ಞರ) ಹತ್ತಿರ ಕರೆದುಕೊಂಡು ಹೋಗಿ. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆದವರೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಮೊದಲು ಗುಗ್ಗೆ ಇದೆಯೇ ಎಂದು ನೋಡಿಸಿ, ಆಮೇಲೆ ಹೊಸ ಆಡಿಯೋಗ್ರಾಂ. ಎರಡು ವರ್ಷದಲ್ಲಿ ಗೆರೆ ಇನ್ನಷ್ಟು ಇಳಿದಿರಬಹುದು. ‘ನನ್ನ ದನಿಯೇ ಬಾವಿಯೊಳಗಿಂದ ಬಂದಂತೆ’ ಎಂದರೆ ಮೋಲ್ಡಿನಲ್ಲಿ ಗಾಳಿಕಿಂಡಿ ದೊಡ್ಡದು ಮಾಡಬೇಕು. ‘ತಟ್ಟೆ ಸದ್ದು ಚುಚ್ಚುತ್ತದೆ’ ಎಂದರೆ ಮೇಲ್ಮಿತಿ ಇಳಿಸಬೇಕು. ಸುಮ್ಮನೆ ‘ಸರಿಯಿಲ್ಲ’ ಎಂದರೆ ಯಾರೂ ಏನೂ ಮಾಡಲಾರರು. ಯಾವ ಸದ್ದು, ಎಲ್ಲಿ, ಯಾರ ಮಾತು ಎಂದು ಒಂದು ವಾರ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಆಮೇಲೆ ರೂಢಿ. ಹತ್ತು ವರ್ಷ ಕೇಳಿಸದೇ ಹೋದ ಸದ್ದುಗಳನ್ನು ಮಿದುಳು ಮರೆತಿರುತ್ತದೆ. ಫ್ಯಾನ್, ಚಪ್ಪಲಿ, ಪೇಪರ್ ಮಡಚುವುದು ಎಲ್ಲವೂ ಒಮ್ಮೆಲೇ ಬಂದರೆ ಗಲಾಟೆಯೇ. ಮೊದಲ ವಾರ ಮನೆಯೊಳಗೆ, ಟಿವಿ ಬಂದ್ ಮಾಡಿ, ಒಬ್ಬರೊಡನೆ ಮಾತು, ದಿನಕ್ಕೆ ಮೂರು ನಾಲ್ಕು ಗಂಟೆ. ಎರಡನೇ ವಾರ ಟಿವಿ, ಇಬ್ಬರು ಮೂವರ ಮಾತು. ಮದುವೆ ಊಟದ ಪಂಕ್ತಿಗೆ, ಸಂತೆಗೆ ತಿಂಗಳಾದ ಮೇಲೆ. ಅಷ್ಟರಲ್ಲಿ ಎದ್ದಾಗಿನಿಂದ ಮಲಗುವವರೆಗೆ ಹಾಕುವಂತಾಗಬೇಕು. ಎರಡು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಹೋಗಿ ಏರಿಳಿಸಿಕೊಂಡು ಬರಬೇಕು. ‘ದಿನವೂ ಹಾಕ್ತೇನೆ’ ಎಂದು ಅಲ್ಲಿ ಸುಳ್ಳು ಹೇಳಬೇಡಿ. ಈಗಿನ ಡಿಜಿಟಲ್ ಮಷಿನ್‌ಗಳಲ್ಲಿ ಹೆಚ್ಚಿನವು ದಿನಕ್ಕೆ ಎಷ್ಟು ತಾಸು ಹಾಕಿದ್ದೆಂದು ತಾವೇ ಲೆಕ್ಕ ಇಟ್ಟಿರುತ್ತವೆ.

ಫೋನನ್ನು ಕಿವಿಯ ತೂತಿಗೆ ಹಿಡಿದು ‘ಕೇಳಿಸುವುದಿಲ್ಲ’ ಎನ್ನುವವರು ಬಹಳ. ಹಿಂದೆ ಕೂರುವ ಮಷಿನ್ನಿನ ಮೈಕ್ ಕಿವಿಯ ಮೇಲ್ತುದಿಯಲ್ಲಿದೆ. ಫೋನನ್ನು ಅಲ್ಲಿಗೆ ಹಿಡಿಯಿರಿ.

ನಮ್ಮ ಕಡೆ ಮಷಿನ್ ಹಾಳಾಗುವುದು ತೇವದಿಂದ. ಕರಾವಳಿಯಲ್ಲಿ ವರ್ಷವಿಡೀ ಬೆವರು, ಉಪ್ಪುಗಾಳಿ, ಘಟ್ಟದ ಮೇಲೆ ನಾಲ್ಕು ತಿಂಗಳು ಬಟ್ಟೆಯೇ ಒಣಗದ ಮಳೆ. ರಾತ್ರಿ ಮಷಿನ್ ಒರೆಸಿ, ಸೆಲ್ಲು ತೆಗೆದು, ಬಾಗಿಲು ತೆರೆದು, ಸಿಲಿಕಾ ಜೆಲ್ ಕಾಳು ಹಾಕಿದ ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಸೆಲ್ಲನ್ನು ಅದರೊಳಗೆ ಇಡಬೇಡಿ, ಅದೂ ಒಣಗಿ ಬೇಗ ಸಾಯುತ್ತದೆ. ಕಿತ್ತಳೆ ಬಣ್ಣದ ಕಾಳು ಹಸಿರಾದರೆ ಹೀರಿದ್ದು ಸಾಕಾಯಿತು ಎಂದರ್ಥ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಣ್ಣ ಮರಳುವವರೆಗೆ ಬಿಸಿ ಮಾಡಿ, ಮುಚ್ಚಿಟ್ಟು ಆರಿಸಿ ಮತ್ತೆ ಬಳಸಿ. ನೀಲಿ ಕಾಳು ಬೇಡ, ಅದರಲ್ಲಿ ಕೋಬಾಲ್ಟ್ ಇರುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಡುವ ಉಪಾಯ ಯಾರು ಕಂಡುಹಿಡಿದರೋ! ಅಕ್ಕಿ ತೇವ ಹೀರುವುದು ಅಷ್ಟಕ್ಕಷ್ಟೇ, ಅದರ ತೌಡಿನ ಪುಡಿ ಮಾತ್ರ ಮೈಕಿನ ಕಿಂಡಿಗೆ ಸೇರುತ್ತದೆ. ಅಡಿಕೆ ಅಟ್ಟದ ಮೇಲೆ, ಬಚ್ಚಲ ಒಲೆಯ ದಂಡೆಯ ಮೇಲೆ ಒಣಗಿಸಿದವರೂ ಇದ್ದಾರೆ. ಮಷಿನ್ ಚಾಲಿ ಅಡಿಕೆಯಲ್ಲ.

ನಳಿಕೆಯಲ್ಲಿ ನೀರ ಹನಿ ಕಂಡರೆ ಮೋಲ್ಡನ್ನು ಬೇರೆ ಮಾಡಿ ರಬ್ಬರ್ ಬುರುಡೆಯಿಂದ ಗಾಳಿ ಒತ್ತಿ. ಬಾಯಿಯಿಂದ ಊದಬೇಡಿ, ಉಸಿರಿನಲ್ಲೇ ನೀರಿದೆ. ಮೋಲ್ಡನ್ನು ಮಾತ್ರ ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆಯಬಹುದು. ಮಷಿನ್ನಿಗೆ ನೀರು ಸೋಕಬಾರದು. ಕುಂಯ್ ಎಂದು ಶಿಳ್ಳೆ ಹೊಡೆದರೆ ಮೋಲ್ಡು ಸರಿಯಾಗಿ ಕೂತಿಲ್ಲ, ನಳಿಕೆ ಸೀಳಿದೆ, ಇಲ್ಲವೇ ಕಿವಿಯಲ್ಲಿ ಗುಗ್ಗೆ ತುಂಬಿದೆ. ಇದೇ ಕ್ರಮದಲ್ಲಿ ನೋಡಿ.

ಸೆಲ್ಲಿನ ಹಿಂದಿನ ಸ್ಟಿಕರ್ ಕಿತ್ತ ತಕ್ಷಣ ಒಳಗೆ ತುರುಕಬೇಡಿ. ಅದು ಗಾಳಿ ಕುಡಿದು ಕೆಲಸ ಮಾಡುವ ಸತು ಸೆಲ್ಲು. ತೂತು ಮೇಲಾಗಿ ಒಂದೆರಡು ನಿಮಿಷ ಬಿಟ್ಟು ಹಾಕಿ. ಸ್ಟಿಕರ್ ಮತ್ತೆ ಅಂಟಿಸಿದರೆ ಆಯುಷ್ಯ ಉಳಿಯುವುದಿಲ್ಲ. ಕಿತ್ತಳೆ ಸ್ಟಿಕರಿನದು 13 ನಂಬರ್, ಕಂದು 312, ನೀಲಿ 675. ಅಂಗಡಿಯಲ್ಲಿ ಬಣ್ಣ ಹೇಳಿದರೂ ಸಾಕು. ಹಳೆಯ ಸೆಲ್ಲು ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ, ಮೂಗಿಗೆ ಹಾಕಿಕೊಂಡರೆ ಆ ಗಳಿಗೆಯೇ ಆಸ್ಪತ್ರೆಗೆ ಓಡಬೇಕು. ಚಾರ್ಜಿಂಗ್ ಮಷಿನ್ ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದ ಊರಿನವರು ಸೆಲ್ಲಿನದ್ದೇ ಕೊಳ್ಳಿ.

ಕೊನೆಗೆ, ನಿಮ್ಮ ಪಾಲಿನ ಕೆಲಸ. ಅಡುಗೆಮನೆಯಿಂದ ಕೂಗಿ ಮಾತಾಡುವುದನ್ನು ಬಿಡಿ. ಮೂರು ನಾಲ್ಕು ಅಡಿ ದೂರದಲ್ಲಿ, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಎದುರು ಕೂತು, ಮೊದಲು ಹೆಸರು ಹಿಡಿದು ಕರೆದು, ನಿಧಾನವಾಗಿ ಹೇಳಿ. ತಿಳಿಯದಿದ್ದರೆ ಅದೇ ಶಬ್ದವನ್ನು ನಾಲ್ಕು ಸಲ ಕಿರುಚುವ ಬದಲು ವಾಕ್ಯ ಬದಲಿಸಿ. ಅಂಗಳಕ್ಕೆ ಶೀಟ್ ಹೊದೆಸಿದ ಮನೆಯಲ್ಲಿ ಜಡಿಮಳೆಯ ಹೊತ್ತು ಯಾವ ಮಷಿನ್ನೂ ನಿಲ್ಲುವುದಿಲ್ಲ. ಒಳಕೋಣೆಗೆ ಹೋಗಿ ಮಾತಾಡಿ.

ಕಿವಿಯಲ್ಲಿ ಸದಾ ಜೀರುಂಡೆ ಕೂಗಿದಂತೆ. ರಾತ್ರಿ ನಿದ್ದೆಯಿಲ್ಲ. ಒಂದು ವರ್ಷದಿಂದ ಮೂರು ಕಡೆ ಗುಳಿಗೆ ತೆಗೆದುಕೊಂಡೆ. ಪೂರ್ತಿ ನಿಲ್ಲಿಸುವ ಔಷಧ ಯಾವುದು?
– ಕುಮಟಾ

ಇಲ್ಲ. ಯಾವ ಪದ್ಧತಿಯಲ್ಲೂ ಇಲ್ಲ. ‘ಗ್ಯಾರಂಟಿ’ ಎಂದವರ ಬಳಿ ನಾಲ್ಕನೇ ಸಲ ದುಡ್ಡು ಕಳೆಯಬೇಡಿ. ಗಿಂಕೊ ಎಂಬ ಮರದ ಎಲೆಯ ಗುಳಿಗೆಗೂ ಆಧಾರವಿಲ್ಲ.

ಕಿವಿಯಿಂದ ಬರಬೇಕಾದ ಸದ್ದು ಕಡಿಮೆಯಾದಾಗ ಮಿದುಳು ತನ್ನ ದನಿಯನ್ನು ತಾನೇ ಏರಿಸಿಕೊಳ್ಳುತ್ತದೆ. ಕೇಳುತ್ತಿರುವುದು ಅದು. ಆದ್ದರಿಂದ ಮೊದಲು ಆಡಿಯೋಗ್ರಾಂ. ಕೊರತೆ ಇದ್ದರೆ ಮಷಿನ್ ಹಾಕಿ. ಹೊರಗಿನ ಸದ್ದು ಬಂದಂತೆ ಒಳಗಿನದು ಹಲವರಲ್ಲಿ ಹಿಂದೆ ಸರಿಯುತ್ತದೆ. ರಾತ್ರಿ ಪೂರ್ತಿ ನಿಶ್ಶಬ್ದ ಬೇಡ. ಫ್ಯಾನ್, ಅಥವಾ ಮೊಬೈಲಿನಲ್ಲಿ ಮಳೆಯ ಸದ್ದು, ಇಯರ್‌ಫೋನ್ ಇಲ್ಲದೆ, ಒಳಗಿನ ದನಿಗಿಂತ ಒಂದು ಎಳೆ ಕಡಿಮೆ ಇರಲಿ. ಪೂರ್ತಿ ಮುಚ್ಚಿಹಾಕಿದರೆ ಅದಕ್ಕೆ ಒಗ್ಗಿಕೊಳ್ಳುವುದು ತಡವಾಗುತ್ತದೆ. ದಿನಕ್ಕೆ ಹತ್ತು ಸಲ ‘ಇದೆಯೋ ಹೋಯಿತೋ’ ಎಂದು ಕಿವಿಗೊಟ್ಟು ನೋಡುವ ಚಟ ಬಿಡಿ, ಅದೇ ಅದನ್ನು ಸಾಕುತ್ತದೆ. ಸಂಕಟ ಹೆಚ್ಚಿದ್ದರೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆಗೆ ಎಲ್ಲಕ್ಕಿಂತ ಗಟ್ಟಿ ಪುರಾವೆ ಇದೆ. ಸದ್ದು ನಿಲ್ಲುವುದಿಲ್ಲ, ಅದರ ಕಾಟ ಇಳಿಯುತ್ತದೆ. ಹೃದಯಕ್ಕೆಂದು ಕೊಟ್ಟ 75 ಮಿಲಿಗ್ರಾಂ ಆಸ್ಪಿರಿನ್ ಮೇಲೆ ಅನುಮಾನಪಟ್ಟು ನೀವಾಗಿ ನಿಲ್ಲಿಸಬೇಡಿ. ಈ ತೊಂದರೆ ಸಾಮಾನ್ಯವಾಗಿ ಬಹಳ ದೊಡ್ಡ ಪ್ರಮಾಣದ ಆಸ್ಪಿರಿನ್‌ನಿಂದ ಬರುವಂಥದ್ದು.

ಸದ್ದು ಒಂದೇ ಕಿವಿಯಲ್ಲಿದ್ದರೆ, ನಾಡಿಯ ಬಡಿತದೊಡನೆ ಧಕ್ ಧಕ್ ಎಂದರೆ, ಜೊತೆಗೆ ತಲೆ ಸುತ್ತಿದರೆ ಇಎನ್‌ಟಿ ಡಾಕ್ಟರಿಗೆ ತೋರಿಸಲೇಬೇಕು.

ಬೆಳಿಗ್ಗೆ ಏಳುವಾಗ ಅಮ್ಮನಿಗೆ ಬಲಗಿವಿ ಪೂರ್ತಿ ಬಂದ್. ಗಾಳಿ ಹೊಕ್ಕಿದೆ, ಬಿಸಿ ಬೆಳ್ಳುಳ್ಳಿ ಎಣ್ಣೆ ಬಿಡಿ ಎನ್ನುತ್ತಾರೆ.
– ಅಂಕೋಲಾ

ಎಣ್ಣೆ ಬಾಟಲಿ ಕೆಳಗಿಡಿ. ಬಾಯಿ ಮುಚ್ಚಿ ‘ಮ್‌ಮ್‌ಮ್’ ಎನ್ನಲು ಹೇಳಿ. ಗುಂಯ್ ದನಿ ಬಂದ್ ಆದ ಕಿವಿಯಲ್ಲಿ ಜೋರಾಗಿ ಕೇಳಿದರೆ ಬಹುಶಃ ಗುಗ್ಗೆ ಅಥವಾ ನೀರು. ಸರಿಯಿರುವ ಕಿವಿಯಲ್ಲಿ ಜೋರಾದರೆ ನರದ ತೊಂದರೆ ಇರಬಹುದು. ಅದಕ್ಕೆ ಸ್ಟೆರಾಯ್ಡ್ ಚಿಕಿತ್ಸೆ ಆದಷ್ಟು ಬೇಗ ಶುರುವಾಗಬೇಕು. ಎರಡು ವಾರ ಕಳೆದರೆ ಫಲ ತೀರಾ ಕಡಿಮೆ. ಇದು ಅಂದಾಜು ಮಾತ್ರ, ಉತ್ತರ ಯಾವುದೇ ಬಂದರೂ ಇವತ್ತೇ ಕಾರವಾರಕ್ಕೋ ಮಣಿಪಾಲಕ್ಕೋ ಹೊರಡಿ. ಈ ಪತ್ರ ಬರೆದು ಉತ್ತರಕ್ಕೆ ಕಾದದ್ದೇ ತಪ್ಪು.

ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಬಿಟ್ಟರೆ ಕಿವಿ ಚುರುಕಾಗುತ್ತದೆಯೇ? (ಹೊನ್ನಾವರ)
ಎಣ್ಣೆ ಪರದೆ ದಾಟಿ ಒಳಗಿವಿಗೆ ಹೋಗುವುದೇ ಇಲ್ಲ. ಈ ತೇವದ ಹವೆಯಲ್ಲಿ ಬೂಸ್ಟು ಬೆಳೆದು ತುರಿಕೆ ಮಾತ್ರ ಸಿಗುತ್ತದೆ.

ಜಾತ್ರೆಯಲ್ಲಿ ಗುಗ್ಗೆ ತೆಗೆಸಬಹುದೇ? (ಸಿದ್ದಾಪುರ)
ತೆಗೆಯುವವನ ಕಡ್ಡಿಗೆ ನಿಮ್ಮ ಕಿವಿಗಿಂತ ಹಿಂದೆ ಎಷ್ಟು ಕಿವಿಯ ಪರಿಚಯವಾಗಿದೆ ಕೇಳಿ ನೋಡಿ.

ಕಿವಿ ಕೇಳಿಸದಿದ್ದರೆ ಮರೆವಿನ ಕಾಯಿಲೆ ಬರುತ್ತದೆ ಎಂದು ಮಷಿನ್ ಮಾರುವವರು ಹೆದರಿಸಿದರು. (ಯಲ್ಲಾಪುರ)
ನಂಟು ಇದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2017, 2020, 2024ರ ಮೂರೂ ವರದಿಗಳಲ್ಲಿ ಕಿವಿ ಮಂದವಾಗುವುದನ್ನು ಮರೆವಿನ ಅಪಾಯ ಹೆಚ್ಚಿಸುವ ಕಾರಣಗಳ ಪಟ್ಟಿಯಲ್ಲಿ ಸೇರಿಸಿದೆ. ಆದರೆ ಮಷಿನ್ ಹಾಕಿದವರಿಗೆಲ್ಲ ಮರೆವು ಬಾರದು ಎಂದು ಯಾರೂ ತೋರಿಸಿಲ್ಲ. ಹೆದರಿಸಿ ಮಾರುವವರಲ್ಲಿ ಕೊಳ್ಳಬೇಡಿ.

ಸರ್ಕಾರದಿಂದ ಮಷಿನ್ ಸಿಗುತ್ತದೆಯೇ? (ಜೋಯಿಡಾ)
60 ದಾಟಿದ ಬಿಪಿಎಲ್ ಕುಟುಂಬದವರಿಗೆ 2017ರಿಂದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ, ಅಂಗವಿಕಲರ ಪ್ರಮಾಣಪತ್ರ ಇದ್ದವರಿಗೆ ಸಾಧನ ಕೊಡುವ ಕೇಂದ್ರದ ಎಡಿಐಪಿ ಯೋಜನೆ. ಜಿಲ್ಲಾ ಅಂಗವಿಕಲರ ಕಲ್ಯಾಣ ಕಚೇರಿಯಲ್ಲಿ ಮುಂದಿನ ಶಿಬಿರ ಯಾವಾಗ ಎಂದು ವಿಚಾರಿಸಿ. ಶಿಬಿರದಲ್ಲಿ ಕೊಟ್ಟ ಮಷಿನ್ನನ್ನೂ ಆಡಿಯೋಗ್ರಾಂ ನೋಡಿಯೇ ಹೊಂದಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರೆಗೆ ಹೋಗಲು ಆದರೆ ಹೋಗಿ.

ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬಂದ ಮೇಲೆ ಎರಡು ದಿನ ಕಿವಿ ಗುಂಯ್ ಎನ್ನುತ್ತದೆ. (ಕಾರವಾರ)
ಚಂಡೆಯ ಬದಿಯ ಸ್ಪೀಕರ್ ಮುಂದೆ ಕೂರಬೇಡಿ. ಸ್ಪಂಜಿನ ಇಯರ್‌ಪ್ಲಗ್ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅರಳುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಿರಿ. ಅಡಿಕೆ ಸುಲಿಯುವ ಮಷಿನ್, ಕಳೆ ಕತ್ತರಿಸುವ ಮಷಿನ್, ಬೋಟಿನ ಇಂಜಿನ್ ಕೋಣೆಗೂ ಅದೇ ಪ್ಲಗ್. ವೇಷಧಾರಿಯ ಮಾತು ಅದರೊಳಗಿಂದಲೂ ಕೇಳುತ್ತದೆ.